ಪರದೇಶದ ವ್ಯಾಪಾರವೂ ಮಾತಿನ ಮರ್ಮವೂ

ಮನೆಯ ಮಕ್ಕಳು ಪರದೇಶದವರೊಡನೆ ವ್ಯವಹಾರ ನಡೆಸಿ ಜೀವಿಸುವುದು ಈಗ ನಮ್ಮಲ್ಲಿ ಅಪೂರ್ವವಲ್ಲ. ಅವರಿಗೆ ಇಂಗ್ಲಿಷ್ ಬಂದರೆ ಸಾಕು, ಉಳಿದುದೆಲ್ಲವೂ ತಾನಾಗಿ ಒದಗುವುದೆಂದು ಹಿರಿಯರು ನೆಚ್ಚಿರುವುದುಂಟು. ಈ ನಂಬುಗೆಯನ್ನು ತುಸು ಪರೀಕ್ಷಿಸಿ ನೋಡಬೇಕೆಂದು ನಮ್ಮ ವಾಚಕರಲ್ಲಿ ಬಿನ್ನವಿಸುತ್ತೇವೆ.

ಜಪಾನೀಯರು ಮಾತಿನ ನಡುನಡುವೆ "ಹೈ" ಎನ್ನುವರು. ನಿಘಂಟಿನಲ್ಲಿ ಅದಕ್ಕೆ "ಹೌದು" ಎಂದೇ ಅರ್ಥ. ಆದರೆ ಅನೇಕ ವೇಳೆ ಅದರ ಭಾವವು "ತಾವು ಹೇಳುವುದನ್ನು ಕೇಳುತ್ತಿದ್ದೇನೆ" ಎಂಬಷ್ಟೇ. ಇದನ್ನರಿಯದ ವರ್ತಕನು, ಬೆಲೆಗೆ ಒಪ್ಪಿಗೆ ದೊರೆಯಿತೆಂದು ಬಗೆದು ಸರಕನ್ನು ಕೂಡಿಹಾಕಿದರೆ ನಷ್ಟವು ಅವನದೇ. ಇದನ್ನು ಕಂಡು ನಾವು ನಗುವಂತಿಲ್ಲ. ಹೆಣ್ಣು ನೋಡಲು ಬಂದವರು ಹೊರಡುವಾಗ "ಆಗಲಿ, ನೋಡೋಣ" ಎಂದರೆ ಅದರ ತಾತ್ಪರ್ಯವು ನಮ್ಮ ತಾಯಂದಿರಿಗೆ ಒಡನೆಯೇ ತಿಳಿಯುವುದಷ್ಟೆ! ಆ ಎರಡು ನುಡಿಗಳನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ, ಅಮೆರಿಕದವನು ಸಂಬಂಧ ಕುದುರಿತೆಂದೇ ತಿಳಿದಾನು.

ಭಾಷೆ ಒಂದೇ ಆದ ಮಾತ್ರಕ್ಕೆ ತೊಡಕು ತಪ್ಪದು. ಸಭೆಯಲ್ಲಿ ಒಂದು ವಿಷಯವನ್ನು "ಟೇಬಲ್" ಮಾಡುವುದೆಂದರೆ ಬ್ರಿಟಿಷರಿಗೆ ಅದನ್ನು ಆಗಲೇ ಚರ್ಚೆಗೆ ತೆಗೆದುಕೊಳ್ಳುವುದು. ಅಮೆರಿಕದವರಿಗೆ ಅದನ್ನು ಬದಿಗಿರಿಸುವುದು. 1939–45ರ ಮಹಾಯುದ್ಧದಲ್ಲಿ ಈ ಒಂದು ಪದದ ದೆಸೆಯಿಂದ ಉಭಯ ದೇಶಗಳ ಅಧಿಕಾರಿಗಳಲ್ಲಿ ದೀರ್ಘವಾದ ವಾಗ್ವಾದವೇ ನಡೆಯಿತೆಂದು ಚರ್ಚಿಲರು ಬರೆದಿರುವರು. ಅಂಕಿಗಳೂ ಹೀಗೆಯೇ. ಬಿಲಿಯನ್ ಎಂದರೆ ಇಂದಿನ ಇಂಗ್ಲಿಷಿನಲ್ಲಿ ನೂರು ಕೋಟಿ, ಜರ್ಮನ್ ಭಾಷೆಯಲ್ಲಿ ಲಕ್ಷ ಕೋಟಿ. 5-4 ಎಂದು ಬರೆದ ತೇದಿಯು ನಮಗೆ ಏಪ್ರಿಲ್ 5, ಅಮೆರಿಕದವರಿಗೆ ಮೇ 4. ಸಣ್ಣ ವರ್ತಕನಿಗೆ ಒಂದು ತಿಂಗಳ ವಿಳಂಬವು ಬಂಡವಾಳವನ್ನೇ ನುಂಗಬಹುದು.

ಆದುದರಿಂದ ಪರದೇಶಕ್ಕೆ ಬರೆಯುವವರು ತಿಂಗಳ ಹೆಸರನ್ನು ಅಕ್ಷರಗಳಲ್ಲಿಯೂ ಮೊತ್ತವನ್ನು ಎಲ್ಲ ಸೊನ್ನೆಗಳೊಡನೆ ಅಂಕಿಗಳಲ್ಲಿಯೂ ಬರೆಯಲಿ. ಮಾತುಕತೆ ಮುಗಿದೊಡನೆ, ಒಪ್ಪಿಕೊಂಡುದೇನೆಂಬುದನ್ನು ನಾಲ್ಕು ಸಾಲುಗಳಲ್ಲಿ ತಿಳಿಸಿ ಉತ್ತರವನ್ನು ಪಡೆಯಲಿ. ಇದರಿಂದ ಯಾರ ಮಾನಕ್ಕೂ ಕುಂದಿಲ್ಲ.

ಇವು ಬರವಣಿಗೆಯ ಎಚ್ಚರಗಳು. ಮಾತಿನ ಹಿಂದಿರುವ ಮನಸ್ಸನ್ನು ಅರಿಯುವುದಾದರೋ ಬೇರೆಯೇ ವಿದ್ಯೆ. ಅದು ಶಾಲೆಯಲ್ಲಿ ಮೊದಲಾಗುವುದಿಲ್ಲ. ಅತಿಥಿಯ "ಸಾಕು" ಎಂಬುದು ನಿಜವೋ ಸಂಕೋಚವೋ ಎಂಬುದನ್ನರಿತು ಬಡಿಸುವ ಮನೆಯಲ್ಲಿ ಬೆಳೆದ ಮಗುವಿಗೆ ಅದರ ಮೊದಲ ಪಾಠವು ಆಗಿಯೇ ಇದೆ. ಪಂಕ್ತಿಯಲ್ಲಿ ಕಲಿತ ಆ ಪಾಠವನ್ನು ಪರದೇಶದವರೊಡನೆ ಮಾತನಾಡುವಾಗಲೂ ಮರೆಯಬಾರದೆಂದು ಮಕ್ಕಳಿಗೆ ನೆನಪು ಮಾಡಿಕೊಡುವುದು ಹಿರಿಯರ ಹೊಣೆ.