ಚುನಾವಣೆಗೂ ಟೋಲ್ ನಾಕಾ ಯಾಕೆ?

ಕೊಗನೊಳ್ಳಿ, ನಿಪ್ಪಾಣಿ ಭಾಗದ ಮತದಾರ ಬಾಂಧವರೇ, ಅಕ್ಕ-ತಂಗಿಯರೇ,

ನಮ್ಮೂರ ಟೋಲ್ ನಾಕಾದಲ್ಲಿ ಲಾರಿಗೆ ಹೆಚ್ಚು, ಕಾರಿಗೆ ಕಡಿಮೆ, ಬೈಕಿಗೆ ಏನೂ ಇಲ್ಲ. ಚುನಾವಣೆಯ ನಾಕಾದಲ್ಲಿ ಎಲ್ಲ ಉಲ್ಟಾ. ದೊಡ್ಡ ಪಕ್ಷ ಸಲೀಸಾಗಿ ದಾಟುತ್ತದೆ, ಸಣ್ಣವರನ್ನೇ ತಡೆಯುತ್ತಾರೆ.

1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಜನ ಕಣದಲ್ಲಿದ್ದರು. ಹೆಚ್ಚಿನವರು ಗಡಿ ವಿವಾದದ ಪ್ರತಿಭಟನೆಗೆ ನಿಂತವರು. ಅದೇ ವರ್ಷ ಕಾನೂನು ಬಿಗಿಯಾಯಿತು. ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು, ಈಗ 25,000. ವಿಧಾನಸಭೆಗೆ 10,000. ಪರಿಶಿಷ್ಟರಿಗೆ ಇದರ ಅರ್ಧ. ಆರರಲ್ಲೊಂದು ಪಾಲಿಗಿಂತ ಹೆಚ್ಚು ಮತ ಬೀಳದಿದ್ದರೆ ಠೇವಣಿ ಜಪ್ತಿ.

ಸುಮ್ಮನೆ ನಿಲ್ಲುವವರನ್ನು ತಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರನಿಗೂ ಮಾನ್ಯತೆ ಇಲ್ಲದ ಪಕ್ಷದವನಿಗೂ 10 ಜನ ಬೇಕು. ಇದ್ಯಾವ ನ್ಯಾಯ? ಮತಯಂತ್ರದಲ್ಲಿ ಅವರ ಹೆಸರು ಮೇಲೆ, ಇವರದು ಕೆಳಗೆ. ಪಕ್ಷೇತರನಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸಾತಿ ಮುಗಿದ ಮೇಲೆ. ಆ ಚಿಹ್ನೆಯನ್ನು ಮನೆಮನೆಗೆ ಮುಟ್ಟಿಸಲು ಉಳಿಯುವುದು ಎರಡು ವಾರ.

ಇನ್ನು ದುಡ್ಡಿನ ಮಾತು. ವಿಧಾನಸಭೆ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ, ಲೋಕಸಭೆಗೆ 95 ಲಕ್ಷದ ಮಿತಿ ಇದೆ. ಪಕ್ಷ ಮಾಡುವ ವೆಚ್ಚಕ್ಕೆ ಮಿತಿಯೇ ಇಲ್ಲ! ಪಕ್ಷಗಳಿಗೆ ದೇಣಿಗೆ ಕೊಡಲೆಂದು 2018ರಿಂದ 16,000 ಕೋಟಿಗೂ ಹೆಚ್ಚಿನ ಚುನಾವಣಾ ಬಾಂಡ್ ಮಾರಾಟವಾದವು. ಕೊಟ್ಟವರು ಯಾರೆಂದು ಮತದಾರನಿಗೆ ತಿಳಿಯುವಂತಿರಲಿಲ್ಲ. ಹಿಂದಿನ ಚುನಾವಣೆಯಲ್ಲಿ ಶೇ. 1ರಷ್ಟಾದರೂ ಮತ ಪಡೆಯದ ಪಕ್ಷ ಬಾಂಡ್ ಮುಟ್ಟುವಂತೆಯೂ ಇರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನೇ ರದ್ದು ಮಾಡಿತು. ಬಾಂಡ್ ಹೋಯಿತು, ಆದರೆ ಮಿತಿಯಿಲ್ಲದ ಖರ್ಚು ಹಾಗೇ ಉಳಿದಿದೆ.

"ಮೂರನೆಯವರಿಗೆ ಹಾಕಿದ ಮತ ಹಾಳು" ಅನ್ನುತ್ತೀರಾ? 2023ರಲ್ಲಿ ನಮ್ಮ ನಿಪ್ಪಾಣಿಯಲ್ಲಿ ಎನ್‌ಸಿಪಿ, ರಾಯಬಾಗದಲ್ಲಿ ಪಕ್ಷೇತರ ಅಭ್ಯರ್ಥಿ ಎರಡನೇ ಸ್ಥಾನಕ್ಕೆ ಬಂದರು. 1989ರಲ್ಲಿ ರೈತಸಂಘದ ಬಾಬಾಗೌಡ ಪಾಟೀಲರನ್ನು ಕಿತ್ತೂರಿನ ಜನ ಗೆಲ್ಲಿಸಿಯೇ ಕಳಿಸಿದರು.

ನಮ್ಮ ಬೇಡಿಕೆ:
● ಎಲ್ಲ ಅಭ್ಯರ್ಥಿಗಳಿಗೂ ಸೂಚಕರ ಸಂಖ್ಯೆ ಒಂದೇ ಇರಲಿ.
● ಪಕ್ಷದ ವೆಚ್ಚಕ್ಕೂ ಮಿತಿ ಬರಲಿ.
● ಕಂಪನಿ ಕೊಟ್ಟ ದೇಣಿಗೆಯ ಲೆಕ್ಕ ಮತದಾನಕ್ಕೆ ಮೊದಲೇ ಜನರ ಮುಂದೆ ಬರಲಿ.

ನಾವು ಮಾಡಬೇಕಾದ್ದು:
● ಯೋಗ್ಯರು ನಿಂತರೆ ಸೂಚಕರಾಗಿ ಸಹಿ ಹಾಕಿ. ಸಹಿ ಹಾಕಿದ ಮಾತ್ರಕ್ಕೆ ಅವರ ಪಕ್ಷ ಸೇರಿದಂತಲ್ಲ.
● ಅವರ ಠೇವಣಿಗೆ ಊರಲ್ಲಿ ಪಟ್ಟಿ ಎತ್ತಿ, ರಸೀದಿ ಕೊಡಿಸಿ.
● ಅಭ್ಯರ್ಥಿಗಳ ಆಸ್ತಿ, ಪ್ರಕರಣಗಳ ಪ್ರಮಾಣಪತ್ರವನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿ.
● ನೋಟು, ಸೀರೆ ಹಂಚಲು ಬಂದರೆ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಡಿ.

ಕಾನೂನು ಬದಲಿಸುವುದು ಸಂಸತ್ತು. ಹಾಗಾಗಿ ಈ ಮೂರು ಬೇಡಿಕೆಗಳ ಅರ್ಜಿ ಚಿಕ್ಕೋಡಿ ಸಂಸದರಿಗೆ ಹೋಗಲಿದೆ. ಭಾನುವಾರ ಸಂಜೆ 5ಕ್ಕೆ ಗ್ರಾಮ ಪಂಚಾಯತಿ ಮುಂದೆ ಬರ್ರಿ, ಸಹಿ ಹಾಕ್ರಿ. ಬೀಡಿ ಕಟ್ಟುವ ಅಕ್ಕಂದಿರು, ಕಬ್ಬು-ತಂಬಾಕು ಬೆಳೆಯುವ ಅಣ್ಣಂದಿರು, ಮೊದಲ ಸಲ ಮತ ಹಾಕುವ ಹುಡುಗ-ಹುಡುಗಿಯರು ಎಲ್ಲರೂ ಬರ್ರಿ. ಯಾವ ಪಕ್ಷದವರಾದರೂ ಸರಿ.

ಇಂತಿ,
ಕೊಗನೊಳ್ಳಿಯ ಮತದಾರರು