ಮೊಸರು ತಿಂದವರು ಯಾರು?

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಈ ಗಾದೆ ಕಟ್ಟಿದವರು ಕೋತಿಗೆ ಬಹಳ ಅನ್ಯಾಯ ಮಾಡಿದ್ದಾರೆ ಎಂಬುದು ನನ್ನ ವಾದ. ಈಗ ಊರೂರಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಮೊಸರು ತಿನ್ನುವವರು ನಾವು, ಒರೆಸುವುದು ಕೋತಿಯ ಬಾಯಿಗೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಮನೆಯಲ್ಲಿರುವ ಹೆಂಗಸಿನ ಬಾಯಿಗೆ.

ನಾನಿರುವುದು ಕೋಲಾರದ ಚಿನ್ನದ ಗಣಿಯ ನಂದಿದುರ್ಗದಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದು ಇಲ್ಲಿ ಚಿನ್ನ ತೆಗೆಯಲು ಶುರು ಮಾಡಿದರು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದಾಗ ಬೆಂಗಳೂರಿನ ಬೀದಿಗಳಿಗೇ ಇನ್ನೂ ವಿದ್ಯುದ್ದೀಪ ಬಂದಿರಲಿಲ್ಲ. ಅಂಥ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಹೋಯಿತು, ಸಯನೈಡ್ ದಿಬ್ಬ ಉಳಿಯಿತು. ಸಂಬಳ ಹೋಯಿತು, ನಾವು ಉಳಿದೆವು. ನಮ್ಮ ತಲೆಯ ಮೇಲೆ ಹಳೆಯ ಹೆಂಚು, ತುಕ್ಕು ಹಿಡಿದ ತಗಡು ಉಳಿದವು. ಆ ಹೆಂಚನ್ನು ಈಗ ಕೋತಿಗಳು ಎತ್ತುತ್ತಿವೆ.

ಹೇಗೆ ಎತ್ತುತ್ತವೆ ಎಂದು ತಾರಸಿ ಮನೆಯವರಿಗೆ ಗೊತ್ತಿರಲಾರದು. ಮಂಗಳೂರು ಹೆಂಚನ್ನು ಯಾರೂ ಮೊಳೆ ಹೊಡೆದು ಕೂರಿಸುವುದಿಲ್ಲ, ಒಂದರ ಮೇಲೊಂದು ತೂಕದಿಂದ ಕುಳಿತಿರುತ್ತವೆ. ಕೋತಿ ಅಂಚಿಗೆ ಬೆರಳು ತೂರಿಸಿ, ಪಕ್ಕಕ್ಕೆ ಸರಿಸಿ, ತಲೆ ಹಾಕಿ ನೋಡುತ್ತದೆ. ಕೆಳಗೆ ಅಡುಗೆಮನೆ ಕಂಡರೆ ಮುಗಿಯಿತು. ಮೊದಲು ಇಳಿಯುವುದು ಒಂದೇ ಒಂದು. ಡಬ್ಬದ ಮುಚ್ಚಳ ತೆಗೆಯಲು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಗೆ ಸಿಕ್ಕಿದ್ದನ್ನು ಗಲ್ಲದ ಚೀಲದಲ್ಲಿ ತುಂಬಿಕೊಂಡು ಅದೇ ಕಿಂಡಿಯಿಂದ ಹೊರಟುಹೋಗುತ್ತದೆ. ಹೊರಗೆ ಸೂರಿನ ಮೇಲೆ ಉಳಿದವು ಕಾದಿರುತ್ತವೆ. ಅವುಗಳ ಓಡಾಟಕ್ಕೆ ಹತ್ತು ಹೆಂಚು ಒಡೆದಿರುತ್ತವೆ. ಮಳೆ ಬಂದ ರಾತ್ರಿ ಆ ಹತ್ತು ಹೆಂಚಿನ ಕೆಳಗೆ ಪಾತ್ರೆ ಇಡುವವರು ಯಾರು? ಕೋತಿಯೂ ಅಲ್ಲ, ಮನೆಯ ಗಂಡಸರೂ ಅಲ್ಲ.

ಇಷ್ಟಾದ ಮೇಲೆ ವಿಚಾರಣೆ ಶುರುವಾಗುತ್ತದೆ. "ಬಾಳೆಹಣ್ಣು ಯಾಕೆ ಹೊರಗಿಟ್ಟಿದ್ದೆ?" "ಹಪ್ಪಳ ಒಣಹಾಕಿ ಕಾಯೋದಕ್ಕೆ ಏನಾಗಿತ್ತು?" "ಮಧ್ಯಾಹ್ನ ಮಲಗಿದ್ದೆಯಾ?" ನಮ್ಮ ಬೀದಿಯ ಒಂದು ಮನೆಯಲ್ಲೂ "ನಾನು ಯಾಕೆ ಹೆಂಚು ಕಟ್ಟಿಸಲಿಲ್ಲ" ಎಂದು ಕೇಳಿಕೊಂಡ ಗಂಡಸನ್ನು ನಾನು ಕಂಡಿಲ್ಲ. ಪಕ್ಕದ ಮನೆಯ ತಮಿಳು ಹೆಂಗಸು ನನಗೆ ಹೇಳಿದ ಮಾತು ಇದು: "ಅಕ್ಕಾ, ಕೋತಿ ಬಂದು ಹೋಗೋದು ಹತ್ತು ನಿಮಿಷ. ಬೈಗುಳ ಎರಡು ದಿನ." ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಸಾಧ್ಯವಿಲ್ಲ.

ಹಾಗಾದರೆ ಕೋತಿ ಊರೊಳಗೆ ಏಕೆ ಬಂತು? ಅದಕ್ಕೆ ಕಾಡಿನಲ್ಲಿ ಏನು ಕೇಡಾಗಿತ್ತು? ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡಿರುವ ಈ ಜಾತಿಯ ಕೋತಿ ಪ್ರಪಂಚದಲ್ಲಿರುವುದು ದಕ್ಷಿಣ ಭಾರತದ ಕಡೆ ಮಾತ್ರ. ಅದು ಬರೀ ಕಾಡಿನ ಪ್ರಾಣಿಯೂ ಅಲ್ಲ. ರಸ್ತೆ ಬದಿಯ ಸಾಲುಮರ, ದೇವಸ್ಥಾನದ ಗುಡ್ಡ, ಕೆರೆಯಂಗಳ, ಇವೇ ತಲೆತಲಾಂತರದಿಂದ ಅದರ ಮನೆ. ಆಲ, ಅತ್ತಿ, ಗೋಣಿ, ಹುಣಸೆ ಅದರ ಅಡುಗೆಮನೆ. ರಸ್ತೆ ಅಗಲ ಮಾಡಬೇಕೆಂದು ನಾವು ಆ ಮರಗಳನ್ನು ಕಡಿದೆವು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರು ವರ್ಷಗಟ್ಟಲೆ ಲೆಕ್ಕ ಹಾಕಿ, ಮೈಸೂರು ಸೀಮೆಯ ರಸ್ತೆ ಬದಿಗಳಲ್ಲಿ ಈ ಕೋತಿಗಳ ಸಂಖ್ಯೆ ಕುಸಿದು ಹೋಗಿದೆ ಎಂದು ತೋರಿಸಿದ್ದಾರೆ. ಇವತ್ತು ಈ ಪ್ರಾಣಿ ಅಪಾಯದ ಅಂಚಿಗೆ ಬಂದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. "ಕೋತಿ ಹೆಚ್ಚಾಗಿಬಿಟ್ಟಿವೆ" ಎಂದು ನಾವು ಗೊಣಗುತ್ತೇವೆ. ಹೆಚ್ಚಾಗಿರುವುದು ಕೋತಿಯಲ್ಲ, ನಮ್ಮ ಸೂರಿನ ಮೇಲೆ ಬಂದು ಕೂರಬೇಕಾದ ಅದರ ಗತಿ. ನಾವು ಅದರ ಸೂರು ತೆಗೆದೆವು, ಅದು ನಮ್ಮ ಸೂರು ತೆಗೆಯುತ್ತಿದೆ. ಇದರಲ್ಲಿ ಕಳ್ಳತನ ಯಾವುದು, ನೀವೇ ಹೇಳಿ.

ಇನ್ನು ನಮ್ಮ ಭಕ್ತಿಯ ಮಾತು. ಶನಿವಾರ ಬಂದರೆ ಆಂಜನೇಯನ ಹೆಸರಿನಲ್ಲಿ ಬಾಳೆಹಣ್ಣು, ಬಿಸ್ಕತ್ತು, ಕಡ್ಲೆಪುರಿ ಹಿಡಿದು ಕೋತಿಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಕೋಲಾರದ ಅಂತರಗಂಗೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಣ್ಯ ಬರುವುದು ತಿನ್ನಿಸಿದವರಿಗೆ. ಆದರೆ ಮನುಷ್ಯನ ಕೈಯಲ್ಲಿರುವ ಚೀಲ ಎಂದರೆ ತಿಂಡಿ ಎಂದು ಕಲಿತ ಕೋತಿ ಮರುದಿನ ಶಾಲೆಗೆ ಹೋಗುವ ಮಗುವಿನ ಕೈಯ ಚೀಲಕ್ಕೆ ಎಗರುತ್ತದಲ್ಲ, ಆ ಪಾಪ ಯಾರ ಲೆಕ್ಕಕ್ಕೆ? ಕೊಟ್ಟರೆ ತಿನ್ನುವುದು, ಕೊಡದಿದ್ದರೆ ಕಿತ್ತುಕೊಳ್ಳುವುದು ಎಂದು ಅದಕ್ಕೆ ಪಾಠ ಹೇಳಿದ ಗುರುಗಳು ನಾವೇ. ನನಗೆ ದೇವರ ಮೇಲೆ ಭಕ್ತಿ ಇಲ್ಲವೆಂದು ಯಾರೂ ತಿಳಿಯಬೇಡಿ. ನಮ್ಮ ಮನೆಯಲ್ಲೂ ಆಂಜನೇಯನ ಪಟವಿದೆ. ಆದರೆ ಸಂಜೀವಿನಿಗಾಗಿ ಬೆಟ್ಟವನ್ನೇ ಹೊತ್ತು ತಂದ ದೇವರಿಗೆ ಗ್ಲೂಕೋಸ್ ಬಿಸ್ಕತ್ತು ಬೇಕಾಗಿರಲಿಕ್ಕಿಲ್ಲ.

ಕಸದ ಮಾತೂ ಇದೆ. ಮದುವೆ ಛತ್ರದ ಎಂಜಲೆಲೆ, ಹೋಟೆಲಿನ ಹಳಸಿದ ಅನ್ನ, ಕೋಳಿ ಅಂಗಡಿಯ ಉಳಿಕೆ, ಎಲ್ಲವೂ ಬಾಯಿ ತೆರೆದ ರಾಶಿಯಾಗಿ ಬೀದಿ ಮೂಲೆಯಲ್ಲಿ ಬಿದ್ದಿರುವಾಗ ಕೋತಿಯೊಂದೇ ಏಕೆ, ಹಂದಿ, ನಾಯಿ, ಇಲಿ ಎಲ್ಲವೂ ಬರುತ್ತವೆ. ಕೆನಡಾದ ಟೊರಾಂಟೊ ನಗರದಲ್ಲಿ ಕೋತಿಯಿಲ್ಲ, ರಕೂನ್ ಎಂಬ ಪ್ರಾಣಿಯಿದೆ. ನಮ್ಮ ಬೆಕ್ಕಿಗಿಂತ ದಪ್ಪ, ಮುಂಗಾಲಿನ ಬೆರಳುಗಳು ಮಾತ್ರ ಕೋತಿಯಷ್ಟೇ ಚುರುಕು. ಅದೂ ರಾತ್ರಿ ಮನೆಗಳ ಮಾಡು ಕಿತ್ತು ಅಟ್ಟದೊಳಗೆ ಮರಿ ಹಾಕುತ್ತದೆ. ಆ ನಗರದವರು 2016ರಲ್ಲಿ, ರಕೂನ್ ತೆರೆಯಲಾಗದಂಥ ಚಿಲಕದ ಕಸದ ಡಬ್ಬಗಳನ್ನು ಮನೆಮನೆಗೆ ಕೊಡಲು ಶುರು ಮಾಡಿದರು. ಅಲ್ಲಿಯೂ ತೊಂದರೆ ಪೂರ್ತಿ ತೀರಲಿಲ್ಲ, ಕೆಲವು ರಕೂನ್‌ಗಳು ಆ ಚಿಲಕವನ್ನೂ ಕಲಿತವು. ಆದರೆ ಕಸ ಊರಿನ ಜವಾಬ್ದಾರಿ, ಒಬ್ಬೊಬ್ಬ ಗೃಹಿಣಿಯ ಅಜಾಗರೂಕತೆಯಲ್ಲ ಎಂದು ಅವರು ಒಪ್ಪಿಕೊಂಡರು. ನಾವು ಅಷ್ಟನ್ನೂ ಒಪ್ಪಿಕೊಂಡಿಲ್ಲ.

ಹಿಡಿಸಿಬಿಡಿ ಎನ್ನುವವರು ಬಹಳ ಮಂದಿ. ಬೋನಿಟ್ಟು ಹಿಡಿದು, ಲಾರಿಯಲ್ಲಿ ತುಂಬಿ, ರಾತ್ರೋರಾತ್ರಿ ಇನ್ಯಾವುದೋ ಹಳ್ಳಿಯ ಗಡಿಯಲ್ಲಿ ಬಿಟ್ಟುಬರುವುದು. ಆ ಹಳ್ಳಿಯಲ್ಲಿ ಹೆಂಚಿನ ಮನೆಗಳಿಲ್ಲವೇ? ಅಲ್ಲಿ ಹೆಂಗಸರಿಲ್ಲವೇ? ಗುಂಪಿನಲ್ಲಿ ತಾಯಿ, ಮಗಳು, ಮೊಮ್ಮಗಳು ಹುಟ್ಟಿದಲ್ಲೇ ಬಾಳುವ ಪ್ರಾಣಿ ಇದು. ಗಂಡುಗಳು ಬೆಳೆದ ಮೇಲೆ ಬೇರೆ ಗುಂಪು ಸೇರುತ್ತವೆ. ಅರ್ಧ ಗುಂಪು ಹಿಡಿದರೆ ಉಳಿದದ್ದು ದಿಕ್ಕೆಟ್ಟು ಇನ್ನಷ್ಟು ಉಗ್ರವಾಗುತ್ತದೆ. ಪೂರ್ತಿ ಹಿಡಿದರೆ ಖಾಲಿಯಾದ ಜಾಗಕ್ಕೆ ಕಸದ ವಾಸನೆ ಹಿಡಿದು ಇನ್ನೊಂದು ಗುಂಪು ಬರುತ್ತದೆ. 2007ರಲ್ಲಿ ದೆಹಲಿಯ ಉಪಮೇಯರ್ ಎಸ್.ಎಸ್. ಬಾಜ್ವಾ ಅವರು ಕೋತಿಗಳನ್ನು ಓಡಿಸಲು ಹೋಗಿ ಮಹಡಿಯಿಂದ ಬಿದ್ದು ತೀರಿಕೊಂಡರು. ಅದೇ ವರ್ಷ ಅಲ್ಲಿನ ಹೈಕೋರ್ಟು ಕೋತಿಗಳನ್ನೆಲ್ಲ ಅಸೋಲಾ ಭಟ್ಟಿ ವನಕ್ಕೆ ಸಾಗಿಸಲು ಹೇಳಿತು. ಸಾವಿರಾರು ಸಾಗಿಸಿದರು. 2023ರಲ್ಲಿ ಜಿ-20 ಸಭೆಗೆ ಪರದೇಶದ ಗಣ್ಯರು ಬಂದಾಗ ಅದೇ ದೆಹಲಿಯಲ್ಲಿ ಕೋತಿಗಳನ್ನು ಹೆದರಿಸಲು ಮುಸುವನ ಚಿತ್ರದ ಕಟೌಟುಗಳನ್ನು ನಿಲ್ಲಿಸಬೇಕಾಯಿತು. ಹದಿನಾರು ವರ್ಷದ ಸಾಗಾಟದ ಫಲ ಇಷ್ಟು.

ಇನ್ನೊಂದು ದಾರಿಯೂ ಇದೆ, ಅದನ್ನು ಬಾಯಿಬಿಟ್ಟು ಹೇಳಲು ಎಲ್ಲರಿಗೂ ನಾಚಿಕೆ. 2021ರ ಜುಲೈನಲ್ಲಿ ಹಾಸನ ಜಿಲ್ಲೆಯ ರಸ್ತೆ ಬದಿಯಲ್ಲಿ ಗೋಣಿಚೀಲಗಳು ಸಿಕ್ಕಿದವು. ಬಿಚ್ಚಿ ನೋಡಿದರೆ 38 ಕೋತಿಗಳ ಹೆಣ. ಇನ್ನೂ ಕೆಲವು ಜೀವ ಹಿಡಿದುಕೊಂಡು ಒದ್ದಾಡುತ್ತಿದ್ದವು. ನಮ್ಮ ರಾಜ್ಯದ ಹೈಕೋರ್ಟು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಕೋತಿಯ ಕಾಟ ನನಗೆ ಗೊತ್ತು, ಆದರೂ ಹೇಳುತ್ತೇನೆ: ಶನಿವಾರ ಕೈಮುಗಿದು ಸೋಮವಾರ ಗೋಣಿಚೀಲ ಹೊಲಿಯುವ ಊರಿಗೆ ಯಾವ ದೇವರೂ ಒಲಿಯುವುದಿಲ್ಲ.

ದೂರು ಕೊಡೋಣವೆಂದು ಒಂದು ಕಚೇರಿಗೆ ಹೋದೆ. "ಇದು ಕಾಡುಪ್ರಾಣಿ ಕಣಮ್ಮ, ಆ ಕಚೇರಿಗೆ ಹೋಗಿ" ಎಂದರು. ಆ ಕಚೇರಿಗೆ ಹೋದೆ. "ಇದು ಊರ ಕೋತಿ ಕಣಮ್ಮ, ಅಲ್ಲಿಗೇ ಹೋಗಿ" ಎಂದರು. 1972ರ ವನ್ಯಜೀವಿ ಕಾಯ್ದೆ ಕೋತಿಯನ್ನು ಕಾಪಾಡುತ್ತದೆ, ಕಾಪಾಡಲಿ. ಒಡೆದ ಹೆಂಚಿನ ಕೆಳಗೆ ಮಲಗಿರುವ ಬಾಣಂತಿಯನ್ನು ಕಾಪಾಡುವ ಕಾಯ್ದೆ ಯಾವ ಕಚೇರಿಯ ಕಪಾಟಿನಲ್ಲಿದೆ ಎಂದು ಮಾತ್ರ ನನಗೆ ಯಾರೂ ಹೇಳಲಿಲ್ಲ.

ಬರೀ ಬೈದು ಕೂರುವುದು ನನ್ನ ಉದ್ದೇಶವಲ್ಲ, ಆಗಬೇಕಾದದ್ದನ್ನೂ ಹೇಳುತ್ತೇನೆ. ಮೊದಲನೆಯದು, ತಿನ್ನಿಸುವುದು ನಿಲ್ಲಬೇಕು. ನಮ್ಮ ಮನೆಯಲ್ಲಿ, ನಮ್ಮ ಬೀದಿಯ ಗುಡಿಯಲ್ಲಿ ಇದನ್ನು ನಿಲ್ಲಿಸಲು ಯಾವ ಕಚೇರಿಯ ಅಪ್ಪಣೆಯೂ ಬೇಡ. ಎರಡನೆಯದು, ಕಸಕ್ಕೆ ಮುಚ್ಚಳ ಬೇಕು, ದಿನವೂ ಅದನ್ನು ಎತ್ತಬೇಕು. ಮೂರನೆಯದು, ಹೆಂಚಿನ ಕೆಳಗೆ, ತೀರಿನ ಮೇಲೆ, ಗಟ್ಟಿ ಕಬ್ಬಿಣದ ಜಾಲರಿ ಹೊಡೆಸಬೇಕು. ಹೆಂಚು ಸರಿದರೂ ಕೋತಿ ಒಳಗಿಳಿಯುವುದಿಲ್ಲ. ಆದರೆ ಅದಕ್ಕೆ ದುಡ್ಡು ಬೇಕು, ದುಡಿಮೆ ನಿಂತ ಊರಿನಲ್ಲಿ ದುಡ್ಡು ಎಲ್ಲಿಂದ ಬರಬೇಕು? ಮನೆ ದುರಸ್ತಿಗೆ ಕೊಡುವ ಸಹಾಯದಲ್ಲಿ ಈ ಜಾಲರಿಯೂ ಸೇರಲಿ ಎಂದು ವೋಟು ಕೇಳಲು ಬಂದವರನ್ನು ನಾವು ಕೇಳಬೇಕು. ನಾಲ್ಕನೆಯದು, ಕಡಿದ ಒಂದೊಂದು ಆಲಕ್ಕೂ ಅತ್ತಿಗೂ ಊರ ಹೊರಗೆ ಬದಲಿ ಮರ ಬೇಕು. ಅದು ಹಣ್ಣು ಬಿಡುವ ಮರವಾಗಿರಬೇಕು, ಬೇಗ ಬೆಳೆಯುತ್ತದೆಂದು ನೆಡುವ ನೀಲಗಿರಿಯಲ್ಲ.

ಮಕ್ಕಳಿಗೆ ಹೇಳಿಕೊಡಬೇಕಾದದ್ದೂ ಇದೆ. ಕೋತಿಯ ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಹಲ್ಲು ಕಿರಿಯಬಾರದು. ನಮಗೆ ಅದು ನಗು, ಅದಕ್ಕೆ ಜಗಳದ ಕರೆ. ಕಚ್ಚಿದರೆ ಅಥವಾ ಪರಚಿದರೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ವಿಷಯ ಕೇಳಿ. ಹುಚ್ಚುನಾಯಿಯಿಂದ ಬರುವ ರೋಗ ಕೋತಿಯಿಂದಲೂ ಬರಬಹುದು.

ಕೊನೆಯದಾಗಿ, ಮನೆಯ ಗಂಡಸರಿಗೆ ಒಂದು ಮಾತು. ಮುಂದಿನ ಸಲ ಕೋತಿ ಇಳಿದಾಗ ಹೆಂಡತಿಯನ್ನು ವಿಚಾರಿಸುವ ಮೊದಲು ಏಣಿ ಹಾಕಿ ಮಾಡು ಹತ್ತಿ. ಅಲ್ಲಿಂದ ನೋಡಿದರೆ ಮರವಿಲ್ಲದ ರಸ್ತೆ, ಬೀದಿ ಮೂಲೆಯ ಕಸದ ರಾಶಿ, ಶನಿವಾರದ ಬಿಸ್ಕತ್ತಿನ ಕಾಗದ ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತವೆ. ಮೊಸರು ತಿಂದವರು ಯಾರೆಂದು ಆಮೇಲೆ ಕೇಳುವಿರಂತೆ. ಹತ್ತಿದ್ದೇ ಆದರೆ, ಹಾಗೆಯೇ ಆ ಹತ್ತು ಹೆಂಚನ್ನೂ ಹಾಕಿ ಇಳಿಯಿರಿ.