ಎಲ್ಲ ಹಸಿರೂ ಮೇವಲ್ಲ

ಅಕ್ಕಂದಿರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೇಸಿಗೆ ಬಂತೆಂದರೆ ಹಸಿಮೇವಿಗೆ ಪರದಾಟ. ಅಜೋಲ್ಲಾ ಬೆಳೆಸಿ, ಹಿಂಡಿ ಖರ್ಚು ತುಸು ಇಳಿಯುತ್ತದೆ. ಅದು ಪಾಚಿಯಲ್ಲ, ನೀರಲ್ಲಿ ತೇಲುವ ಪುಟ್ಟ ಜರಿಗಿಡ. ಪಾಚಿ ಇರುವುದು ಅದರ ಎಲೆಯೊಳಗೆ: ಅನಾಬೀನಾ ಎಂಬ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಅಜೋಲ್ಲಾದಲ್ಲಿ ಅಷ್ಟು ಪ್ರೋಟೀನ್ ಇರುವುದು ಅದಕ್ಕೇ. ಸಗಣಿ ವಾಸನೆ ಹೋಗುವಂತೆ ತೊಳೆದು ಹಿಂಡಿಯಲ್ಲಿ ಬೆರೆಸಿ.

ಆದರೆ ಪಾಚಿ ಒಳ್ಳೆಯದಂತೆ ಎಂದು ಹೊಂಡದ ಹಸಿರು ನೀರು ಕುಡಿಸಬೇಡಿ. ಬಣ್ಣ ಚೆಲ್ಲಿದಂತೆ ಕಾಣುವ ಪಾಚಿ ವಿಷದ್ದಿರಬಹುದು, ಕುದಿಸಿದರೂ ಹೋಗದು. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ನೀರು ಕುಡಿದು ದನ-ಕುರಿ ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ 1878ರಲ್ಲೇ ಬರೆದಿದ್ದಾರೆ.

ನನ್ನ ಕೇಳಿದರೆ, ಅಜೋಲ್ಲಾ ಗುಂಡಿಗಿಂತ ಮೊದಲು ನೀರಿನ ತೊಟ್ಟಿ ತಿಕ್ಕಿ ತೊಳೆದು ಸುಣ್ಣ ಬಳಿಯಿರಿ. ದನಕ್ಕೆ ನೀರು ಕುಡಿಸುವವರು ನೀವೇ, ಅದಕ್ಕೇ ನಿಮಗೇ ಹೇಳುತ್ತಿದ್ದೇನೆ.